ಹಳೆಯ ಆಫೀಸ್ ತಂತ್ರಾಂಶ, ಹೊಸ ಕಂಪ್ಯೂಟರ್: ತಂತ್ರಜ್ಞರೊಡನೆ ಪ್ರಶ್ನೋತ್ತರ

ಶಾಲೆಯೊಂದರ ಗುಮಾಸ್ತರು: ನಮಸ್ಕಾರ ಸರ್. ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಆಫೀಸ್ 2010 ಇದೆ. ‘ಪ್ರೋಗ್ರಾಂ ಫೈಲ್ಸ್’ ಒಳಗಿರುವ ಅದರ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಿ ಹೊಸದಕ್ಕೆ ಹಾಕಿದರೆ ಸಾಕೇ?

ತಂತ್ರಜ್ಞ: ಸಾಲದು. ಆಫೀಸ್ ತನ್ನ ವಿವರಗಳನ್ನು ವಿಂಡೋಸಿನ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿಯೂ ಬೇರೆ ಫೋಲ್ಡರುಗಳಲ್ಲಿಯೂ ಇಟ್ಟಿರುತ್ತದೆ. ಮೂಲ ಡಿಸ್ಕಿನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿ, 25 ಅಕ್ಷರಗಳ ಪ್ರಾಡಕ್ಟ್ ಕೀ ಕೊಡಬೇಕು. ಅಂಗಡಿಯಿಂದ ಪೆಟ್ಟಿಗೆ ಮತ್ತು ಡಿಸ್ಕ್ ಸಮೇತ ಕೊಂಡ ರಿಟೇಲ್ ಪ್ರತಿಯಾದರೆ ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಲು ಲೈಸೆನ್ಸಿನಲ್ಲಿ ಅವಕಾಶವಿದೆ. ಕಂಪ್ಯೂಟರಿನೊಡನೆಯೇ ಬಂದ ಒಇಎಂ ಪ್ರತಿಯೂ, ಡಿಸ್ಕ್ ಇಲ್ಲದೆ ಬರಿಯ ಕಾರ್ಡಿನಲ್ಲಿ ಮಾರುತ್ತಿದ್ದ 2010ರ ಕೀಯೂ ಮೊದಲು ಹಾಕಿದ ಯಂತ್ರಕ್ಕೆ ಮಾತ್ರ ಸಲ್ಲುತ್ತವೆ.

ಸಹಕಾರ ಸಂಘದ ಲೆಕ್ಕಿಗರು: ಸರ್, ನಮ್ಮ ಸಂಘದ ಸದಸ್ಯರ ಸಾಲದ ಲೆಕ್ಕವೆಲ್ಲ ಆಫೀಸ್ 2007ರ ಆಕ್ಸೆಸ್ ಎಂಬ ದತ್ತಾಂಶ ತಂತ್ರಾಂಶದಲ್ಲಿದೆ. ಅದನ್ನು ಮಾಡಿಕೊಟ್ಟವರು ಈಗ ಸಂಪರ್ಕದಲ್ಲಿಲ್ಲ. ಮೂರು ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಯಂತ್ರ ಚಾಲೂ ಆಗುತ್ತದೆ, ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಪೆಟ್ಟಿಗೆಯೂ ಡಿಸ್ಕೂ ನಮ್ಮಲ್ಲಿವೆ. ಲೈಸೆನ್ಸ್ ಬಿಡಿಸಿಕೊಳ್ಳಲು ಹಳೆಯದರಲ್ಲಿ ಮೊದಲು ಅನ್‌ಇನ್‌ಸ್ಟಾಲ್ ಮಾಡಲೇ?

ತಂತ್ರಜ್ಞ: ಖಂಡಿತ ಮಾಡಬೇಡಿ. ಈಗಲೇ ಆ ಯಂತ್ರವನ್ನು ಆಫ್ ಮಾಡಿ, ಮತ್ತೆ ಚಾಲೂ ಮಾಡಬೇಡಿ. ನೀವು ಹೇಳುತ್ತಿರುವ ಸದ್ದು ಹಾರ್ಡ್ ಡಿಸ್ಕ್ ಕೈಕೊಡುತ್ತಿರುವ ಲಕ್ಷಣ, ಮತ್ತು ವಿಂಡೋಸ್ ಒಂದೊಂದು ಸಲ ಚಾಲೂ ಆಗುವಾಗಲೂ ಆ ಡಿಸ್ಕಿನ ಮೇಲೆ ಬಹಳಷ್ಟು ಓದು ಬರಹ ನಡೆಯುತ್ತದೆ. ಲೈಸೆನ್ಸ್ ಹೋದರೆ ಹಣ ಕೊಟ್ಟು ಇನ್ನೊಂದು ಕೊಳ್ಳಬಹುದು, ಸದಸ್ಯರ ಲೆಕ್ಕ ಹೋದರೆ ಅದನ್ನು ಎಲ್ಲಿಂದಲೂ ಕೊಳ್ಳಲಾಗುವುದಿಲ್ಲ. ಬೇರೆ ಕಡೆ ಬ್ಯಾಕಪ್ ಇಲ್ಲದಿದ್ದರೆ ನೀವಾಗಿ ಏನನ್ನೂ ಪ್ರಯತ್ನಿಸದೆ ದತ್ತಾಂಶ ಮರಳಿ ತೆಗೆಯುವ ಕೆಲಸ ಬಲ್ಲವರಿಗೆ ಡಿಸ್ಕನ್ನು ಒಪ್ಪಿಸಿ. ಇತ್ತೀಚಿನ ಬ್ಯಾಕಪ್ ಇದ್ದರೆ ಮಾತ್ರ, ಡಿಸ್ಕನ್ನು ಹೊರತೆಗೆಸಿ, ಯುಎಸ್‌ಬಿ ಕೇಬಲಿನ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಆಕ್ಸೆಸ್ ಕಡತಗಳನ್ನಷ್ಟೇ ಮೊದಲು ನಕಲು ಮಾಡಿಕೊಳ್ಳಿ.

ಇಂತಹ ಲೆಕ್ಕದ ವ್ಯವಸ್ಥೆಯಲ್ಲಿ ಹಲವು ಸಲ ಎರಡು ಕಡತಗಳಿರುತ್ತವೆ: ಫಾರಂ, ವರದಿಗಳಿರುವುದು ಒಂದು, ನಿಜವಾದ ಲೆಕ್ಕವಿರುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ತಂದು, ತೆರೆದ ಮೇಲೆ ಖಾಲಿ ಎಂದು ಗಾಬರಿಯಾದವರನ್ನು ನಾನು ಕಂಡಿದ್ದೇನೆ. ಎರಡನ್ನೂ ತನ್ನಿ, ಹಳೆಯ ಯಂತ್ರದಲ್ಲಿ ಅವು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದ್ದವೋ ಹೊಸದರಲ್ಲಿಯೂ ಅದೇ ಡ್ರೈವಿನ ಅದೇ ಹೆಸರಿನ ಫೋಲ್ಡರಿನಲ್ಲಿಡಿ, ಇಲ್ಲವಾದರೆ ಎರಡರ ನಡುವಿನ ಕೊಂಡಿ ತಪ್ಪುತ್ತದೆ. 2007ಕ್ಕೆ ಭದ್ರತಾ ಬೆಂಬಲ 2017ರ ಅಕ್ಟೋಬರ್ 10ರಂದೇ ಮುಗಿದಿದೆ, ಆದ್ದರಿಂದ ಹೊಸ ಆವೃತ್ತಿಯನ್ನು ಕೊಳ್ಳುವುದೇ ಮೇಲು. ಆಗ 32 ಬಿಟ್ ಆವೃತ್ತಿಯನ್ನೇ ಆರಿಸಿ. ಹಿಂದಿನವರು ಬರೆದ ವಿಬಿಎ ಸಂಕೇತ, ಅಂದರೆ ಗುಂಡಿ ಒತ್ತಿದಾಗ ಕೆಲಸ ನಡೆಸುವ ಆದೇಶಗಳು, 64 ಬಿಟ್‌ನಲ್ಲಿ ತಿದ್ದದೆ ನಡೆಯದಿರಬಹುದು. ನಕಲು ಕೈಗೆ ಬಂದ ಮೇಲೆ ಇಲ್ಲಿ ತಿಳಿಸಿ.

ಸದಸ್ಯರೊಬ್ಬರು: ಇದು ನನಗೆ ಬಂದ ಸಂದೇಶ: ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ. ಆಮೇಲೆ ಆಂಟಿವೈರಸ್ ನಿಲ್ಲಿಸಿ ಆಕ್ಟಿವೇಟರ್ ಓಡಿಸಿದರೆ ಲೈಸೆನ್ಸೇ ಬೇಡ.

ತಂತ್ರಜ್ಞ: ಇದನ್ನು ಯಾರೂ ಮಾಡಬಾರದು. ಫ್ರೀಜರಿನಿಂದ ತೆಗೆದ ಡಿಸ್ಕಿನಲ್ಲಿ ತೇವ ಕೂತು ಉಳಿದಿದ್ದೂ ಹಾಳಾಗುತ್ತದೆ. ಆಂಟಿವೈರಸ್ ನಿಲ್ಲಿಸೆಂದು ಹೇಳುವ ಆಕ್ಟಿವೇಟರನ್ನು ಸಾಲದ ಲೆಕ್ಕವಿರುವ ಯಂತ್ರದಲ್ಲಿ ಓಡಿಸುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ. ಮೊದಲು ನೀವೇ ಮಾಡಿ ನೋಡಿದ್ದೀರಾ? ಇಲ್ಲವಾದರೆ ಇನ್ನೊಬ್ಬರ ಲೆಕ್ಕದ ಮೇಲೆ ಪ್ರಯೋಗ ಮಾಡಿಸಬೇಡಿ.

ಗೃಹಿಣಿ: ಆಫೀಸ್ 2013ರ ಕೀ ಕಳೆದುಹೋಗಿದೆ. ಕೀ ಹುಡುಕಿಕೊಡುವ ತಂತ್ರಾಂಶ ಬಳಸಬಹುದೇ?

ತಂತ್ರಜ್ಞ: ಪ್ರಯೋಜನವಿಲ್ಲ ಮೇಡಂ, 2013ರಿಂದ ಈಚೆಗೆ ಕಂಪ್ಯೂಟರಿನಲ್ಲಿ ಕೀಯ ಕೊನೆಯ 5 ಅಕ್ಷರಗಳು ಮಾತ್ರ ಸಿಗುತ್ತವೆ. ಆಗ ಯಾವ ಮೈಕ್ರೋಸಾಫ್ಟ್ ಖಾತೆಯಲ್ಲಿ ನೋಂದಾಯಿಸಿದ್ದಿರೋ ಅದರಲ್ಲಿಯೇ ಲಾಗಿನ್ ಆಗಿ ನೋಡಿ. ರಿಟೇಲ್ ಪ್ರತಿಯಾದರೆ 90 ದಿನಗಳಿಗೊಮ್ಮೆ ಯಂತ್ರ ಬದಲಿಸಲು ಅವಕಾಶ ಕೊಟ್ಟಿದ್ದಾರೆ.

ಕಿರಾಣಿ ಅಂಗಡಿಯವರು: ಟ್ಯಾಲಿಯ ಲೈಸೆನ್ಸನ್ನು ಹೊಸ ಕಂಪ್ಯೂಟರಿಗೆ ಒಯ್ಯುವುದು ಹೇಗೆ?

ನಿವೃತ್ತ ಉಪನ್ಯಾಸಕರು: ಇಷ್ಟೆಲ್ಲ ಕಷ್ಟವೇಕೆ? ಲಿಬ್ರೆ ಆಫೀಸ್ ಉಚಿತ, ಲೈಸೆನ್ಸಿನ ಚಿಂತೆಯಿಲ್ಲ.

ಡಿಟಿಪಿ ಅಂಗಡಿಯವರು: ಉಚಿತವೆನ್ನುವುದು ಸುಲಭ ಸರ್. ನಮ್ಮಲ್ಲಿ ಹಳೆಯ ನುಡಿ ಅಕ್ಷರಶೈಲಿಯ ಸಾವಿರಾರು ಕಡತಗಳಿವೆ. ಅದರಲ್ಲಿ ತೆರೆದರೆ ಪುಟದ ಜೋಡಣೆ ಸರಿದುಹೋಗುತ್ತದೆ, ಕನ್ನಡವೆಲ್ಲ ವಿಚಿತ್ರ ಗುರುತುಗಳಾಗಿ ಕಾಣುತ್ತದೆ.

ನಿವೃತ್ತ ಉಪನ್ಯಾಸಕರು: ಕನ್ನಡ ಕಾಣದಿರುವುದು ಲಿಬ್ರೆ ಆಫೀಸಿನ ತಪ್ಪಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಕೂಡ ಹಾಗೆಯೇ ತೋರಿಸುತ್ತದೆ. ಯಾವ ಕಂಪ್ಯೂಟರಿನಲ್ಲಿಯೂ ಕಾಣುವ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇವೆ!

ಡಿಟಿಪಿ ಅಂಗಡಿಯವರು: ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಪುಟಪುಟವಾಗಿ ತಿದ್ದುವವರು ಯಾರು, ನೀವು ಬರುತ್ತೀರಾ? ಗಿರಾಕಿ ಸಂಜೆಗೆ ಲಗ್ನಪತ್ರಿಕೆ ಕೇಳುತ್ತಾನೆ.

ನಿವೃತ್ತ ಉಪನ್ಯಾಸಕರು: ಸೋಮಾರಿತನಕ್ಕೆ ಗಿರಾಕಿಯ ನೆಪ ಬೇಡ.

ಡಿಟಿಪಿ ಅಂಗಡಿಯವರು: ಪಿಂಚಣಿ ಬರುವವರಿಗೆ ನಮ್ಮ ದುಡಿಮೆ ಸೋಮಾರಿತನವಾಗಿ ಕಾಣುತ್ತದೆ. ಮಾತು ಹಿಡಿತದಲ್ಲಿರಲಿ.

ತಂತ್ರಜ್ಞ: ಇಬ್ಬರೂ ನಿಲ್ಲಿಸಿ. ಹಳೆಯ ಕಂಪ್ಯೂಟರಿನಲ್ಲಿರುವ ನುಡಿ ಫಾಂಟುಗಳನ್ನು ಹೊಸದರಲ್ಲಿಯೂ ಮೊದಲು ಸ್ಥಾಪಿಸಿ, ಕನ್ನಡ ಸರಿಯಾಗಿ ಕಾಣುತ್ತದೆ. ಲಿಬ್ರೆ ಆಫೀಸ್ ಪತ್ರವ್ಯವಹಾರಕ್ಕೆ ಒಳ್ಳೆಯದೇ, ಆದರೆ ಆಕ್ಸೆಸ್‌ನ ಫಾರಂಗಳೂ ವಿಬಿಎ ಸಂಕೇತವೂ ಅದರಲ್ಲಿ ನಡೆಯುವುದಿಲ್ಲ, ಸಂಘದವರಿಗೆ ಅದು ಪರಿಹಾರವಲ್ಲ.

ಹೊಸ ಸದಸ್ಯರು: ಸರ್, ಆಫೀಸ್ ಫೋಲ್ಡರನ್ನು ಹಾಗೆಯೇ ಕಾಪಿ ಮಾಡಿದರೆ ನಡೆಯುತ್ತದೆಯೇ?

ತಂತ್ರಜ್ಞ: ಇಲ್ಲ. ಮೊದಲ ಉತ್ತರವನ್ನು ಓದಿ.

ಕಿರಾಣಿ ಅಂಗಡಿಯವರು: ಟ್ಯಾಲಿಯ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ಸಹಕಾರ ಸಂಘದ ಲೆಕ್ಕಿಗರು: ಸರ್, ಕಳೆದ ತಿಂಗಳ ಬ್ಯಾಕಪ್ ಸಿಕ್ಕಿತು, ಹಾಗಾಗಿ ಡಿಸ್ಕನ್ನು ಹೊರತೆಗೆಸಿ ಜೋಡಿಸಿದೆವು. ಎರಡು ಕಡತಗಳೂ ನಕಲಾದವು. ಹೊಸದರಲ್ಲಿ ತೆರೆದರೆ ಮೇಲೆ ಹಳದಿ ಪಟ್ಟಿ ಬರುತ್ತದೆ, ಗುಂಡಿಗಳು ಕೆಲಸ ಮಾಡುವುದಿಲ್ಲ.

ತಂತ್ರಜ್ಞ: ಬಹಳ ಸಮಾಧಾನವಾಯಿತು. ಆ ಪಟ್ಟಿ ಮ್ಯಾಕ್ರೋ ಭದ್ರತೆಯದು, ಅಂದರೆ ಕಡತದೊಳಗಿನ ವಿಬಿಎ ಸಂಕೇತವನ್ನು ಆಕ್ಸೆಸ್ ತಡೆದಿದೆ. ಆಕ್ಸೆಸ್ ಆಯ್ಕೆಗಳಲ್ಲಿರುವ ಟ್ರಸ್ಟ್ ಸೆಂಟರಿನಲ್ಲಿ ನಿಮ್ಮ ಆ ಒಂದು ಫೋಲ್ಡರನ್ನು ಮಾತ್ರ ನಂಬಿಕೆಯ ಸ್ಥಳವೆಂದು ಸೇರಿಸಿ, ಇಡೀ ಡ್ರೈವನ್ನು ಸೇರಿಸಬೇಡಿ. ಆಮೇಲೆ ಹತ್ತು ಸದಸ್ಯರ ಬಾಕಿಯನ್ನು ಕಾಗದದ ಖಾತೆ ಪುಸ್ತಕದೊಡನೆ ತಾಳೆ ನೋಡಿ. ತಾಳೆಯಾಗುವವರೆಗೆ ಹಳೆಯ ಡಿಸ್ಕನ್ನು ಯಾರ ಕೈಗೂ ಕೊಡಬೇಡಿ.