ಹಳೇ ಹಾಯಿದೋಣಿಯ ಮೈ: ಪಾಲಿಶ್ ಮಾಡಿ ಉಳಿಸಿಕೊಳ್ಳುವುದಾ, ಪೂರ್ತಿ ಪೇಂಟ್ ಹೊಡೆಯುವುದಾ?

ನೀಲಿಹಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು 1984ರಲ್ಲಿ ಕಟ್ಟಿದ 30 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ. ಮೈ ಕಡುನೀಲಿ. ಕಾರ್ಖಾನೆಯಿಂದ ಬಂದ ಜೆಲ್‌ಕೋಟೇ (ಫೈಬರ್‌ಗ್ಲಾಸ್ ಮೇಲಿನ ಬಣ್ಣದ ಹೊರಪದರ) ಇನ್ನೂ ಇದೆ, ಮೇಲೆ ಯಾರೂ ಪೇಂಟ್ ಹೊಡೆದಿಲ್ಲ ಅಂತ ಹಿಂದಿನ ಮಾಲೀಕರು ಹೇಳಿದ್ದರು. ಈಗ ಬಿಸಿಲಿಗೆ ಪೂರ್ತಿ ಮಂಕಾಗಿದೆ, ಬೆರಳಿಂದ ಉಜ್ಜಿದರೆ ಬೆಳ್ಳಗಿನ ಪುಡಿ ಅಂಟುತ್ತದೆ. ಮೂತಿಯ ಹತ್ತಿರ, ಹಿಂದೆ ಯಾವಾಗಲೋ ಕಟ್ಟೆಗೆ ಬಡಿದ ಜಾಗದಲ್ಲಿ ನಕ್ಷತ್ರದ ಆಕಾರದ ಸಣ್ಣ ಬಿರುಕುಗಳಿವೆ. ನೀರಿನ ಗೆರೆಯ ಉದ್ದಕ್ಕೂ ಹಳದಿ ಕಲೆ ಬೇರೆ. ರಿಪೇರಿ ಮಾಡುವವರು ಪೇಂಟ್ ಒಂದೇ ದಾರಿ ಅನ್ನುತ್ತಾರೆ. ಪಕ್ಕದ ದೋಣಿಯವರು ಬಫಿಂಗ್ (ಮೆಷಿನ್‌ನಲ್ಲಿ ಉಜ್ಜಿ ಹೊಳಪು ತರಿಸುವುದು) ಸಾಕು, ಸುಮ್ನೆ ದುಡ್ಡು ಹಾಕಬೇಡಿ ಅನ್ನುತ್ತಾರೆ. ಆ ನೀಲಿ ನೋಡಿಯೇ ನಾನು ಈ ದೋಣಿ ತೆಗೆದುಕೊಂಡಿದ್ದು, ಹಾಗಾಗಿ ಆದಷ್ಟೂ ಉಳಿಸಿಕೊಳ್ಳುವ ಆಸೆ. ಹೇಗೆ ತೀರ್ಮಾನ ಮಾಡಲಿ?

ದಡದಮೇಲೆ

ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಉತ್ತರ ದೋಣಿಯ ಮೈಯಲ್ಲೇ ಇದೆ.

ಮೊದಲು ಒಂದು ಬಕೆಟ್ ನೀರು ಎರಚಿ ನೋಡಿ. ಒದ್ದೆಯಾದಾಗ ಹಳೇ ನೀಲಿ ಎದ್ದು ಬಂದರೆ ಬಣ್ಣ ಒಳಗೆ ಇನ್ನೂ ಇದೆ, ಮೇಲಿನ ಪದರ ಮಾತ್ರ ಬಿಸಿಲಿಗೆ ಸತ್ತಿದೆ ಅಂತ ಅರ್ಥ. ಒದ್ದೆಯಾದರೂ ಮಂಕಾಗಿಯೇ ಇದ್ದರೆ ಪಾಲಿಶ್‌ನಿಂದ ಜಾಸ್ತಿ ನಿರೀಕ್ಷೆ ಬೇಡ.

ಆಮೇಲೆ ಒಂದು ಅಡಿ ಅಗಲದ ಚೌಕ ಟೇಪ್ ಹಾಕಿ ಗುರುತು ಮಾಡಿ. ಜಾಸ್ತಿ ಬಿಸಿಲು ತಿನ್ನುವ ಬದಿಯಲ್ಲಿ ಒಂದು, ನೆರಳಿನ ಬದಿಯಲ್ಲಿ ಒಂದು. ಚೌಕದೊಳಗೆ ಹಳದಿ ಕಲೆಯೇನಾದರೂ ಬಂದರೆ ಅದನ್ನು ಉಜ್ಜಿ ತೆಗೆಯಬೇಡಿ, ಆಕ್ಸಾಲಿಕ್ ಆಸಿಡ್ ಇರುವ ಕ್ಲೀನರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ತಾನೇ ಹೋಗುತ್ತದೆ. ಕೈಗೆ ಗ್ಲೌಸ್ ಇರಲಿ. ನಂತರ ಹಳೇ ವ್ಯಾಕ್ಸ್ ತೆಗೆದು ಬರೀ ಕಾಂಪೌಂಡ್‌ನಿಂದ (ಉಜ್ಜಿ ಹೊಳಪು ತರುವ ಪೇಸ್ಟ್) ಶುರು ಮಾಡಿ. ಅದಕ್ಕೆ ಬಗ್ಗದಿದ್ದರೆ 1500 ನಂಬರ್ ವಾಟರ್ ಪೇಪರ್, ಅದೂ ಸಾಲದಿದ್ದರೆ 1000, ಕೊನೆಗೆ 800. ನಂಬರ್ ಕಮ್ಮಿಯಾದಷ್ಟೂ ಪೇಪರ್ ಒರಟು, ನೇರವಾಗಿ ಒರಟು ಪೇಪರ್ ಹಿಡಿಯಬೇಡಿ. ಒರಟು ಪೇಪರ್‌ನಲ್ಲಿ ಉಜ್ಜಿದ ಮೇಲೆ ಮತ್ತೆ ಒಂದೊಂದೇ ನುಣುಪಿನ ಪೇಪರ್‌ಗೆ ಬಂದು ಆಮೇಲೆ ಬಫ್ ಮಾಡಬೇಕು.

ಉಜ್ಜುವಾಗ ಇಳಿಯುವ ನೀಲಿ ನೀರನ್ನು ಗಮನಿಸಿ. ಅದು ನಿಮ್ಮ ಜೆಲ್‌ಕೋಟೇ. ಹೊಸ ದೋಣಿಯಲ್ಲೇ ಅದು ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ ಅಷ್ಟೆ, ಮೂಲೆ ಮತ್ತು ಅಂಚುಗಳಲ್ಲಿ ಇನ್ನೂ ತೆಳು. ನಲವತ್ತು ವರ್ಷದಲ್ಲಿ ಯಾರ್ಯಾರು ಎಷ್ಟೆಷ್ಟು ಉಜ್ಜಿದ್ದಾರೋ! ಒಂದು ಕಡೆ ಬಣ್ಣ ಪಾರದರ್ಶಕವಾಗಿ ಕಂಡು ಅದರ ಹಿಂದೆ ಫೈಬರ್ ನೇಯ್ಗೆಯ ಚೌಕಳಿ ಕಾಣಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ.

ಎರಡೂ ಚೌಕ ಹೊಳೆದರೆ ನನ್ನ ಮತ ಉಳಿಸಿಕೊಳ್ಳುವುದಕ್ಕೇ. ಗೀರಾದರೆ ಜೆಲ್‌ಕೋಟನ್ನು ಅಲ್ಲಲ್ಲೇ ತುಂಬಿ ಉಜ್ಜಬಹುದು. ಪೇಂಟ್‌ನಲ್ಲಿ ಆ ತೇಪೆ ಎದ್ದು ಕಾಣುತ್ತದೆ.

ಎರಡುಡಬ್ಬ

ದಡದಮೇಲೆ ಅವರು ಹೇಳಿದ ಪರೀಕ್ಷೆ ಖಂಡಿತ ಮಾಡಿ. ಆದರೆ ಚೌಕ ಹೊಳೆದ ದಿನವೇ ತೀರ್ಮಾನ ಮಾಡಬೇಡಿ. ಕಡುನೀಲಿ ಜೆಲ್‌ಕೋಟ್ ಬಿಳಿಯ ಹಾಗಲ್ಲ. ಬಫ್ ಮಾಡಿದಾಗ ಕನ್ನಡಿಯಂತೆ ಹೊಳೆಯುತ್ತದೆ, ವ್ಯಾಕ್ಸ್ ತಪ್ಪಿಸಿದರೆ ಬೇಗ ಮತ್ತೆ ಬೆಳ್ಳಗಾಗುತ್ತದೆ. ವರ್ಷಕ್ಕೆ ಎರಡು ಸಲ ವ್ಯಾಕ್ಸ್ ಹಾಕುವಷ್ಟು ಬಿಡುವು, ಮನಸ್ಸು ಎರಡೂ ಇದ್ದರೆ ಸರಿ. ಇಲ್ಲದಿದ್ದರೆ ಪ್ರತಿ ಸಲವೂ ಇನ್ನಷ್ಟು ಜೆಲ್‌ಕೋಟ್ ಕಳೆದುಕೊಳ್ಳುತ್ತೀರಿ.

ಪೇಂಟ್ ಅಂದರೆ ನಾನು ಹೇಳುತ್ತಿರುವುದು ಎರಡು ಡಬ್ಬ ಬೆರೆಸುವ ಪಾಲಿಯುರೆಥೇನ್. ಒಂದೇ ಡಬ್ಬದ್ದು ಹಚ್ಚುವುದು ಸುಲಭ, ಆದರೆ ಅಷ್ಟು ಗಟ್ಟಿಯಲ್ಲ. ಇದರಲ್ಲಿ ಮುಕ್ಕಾಲು ಪಾಲು ಕೆಲಸ ಪೇಂಟ್ ಡಬ್ಬ ತೆರೆಯುವ ಮೊದಲೇ ಇದೆ. ವ್ಯಾಕ್ಸ್ ಮತ್ತು ಸಿಲಿಕೋನ್ ತೆಗೆಯುವ ಸಾಲ್ವೆಂಟ್ ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಶುಭ್ರ ಬಟ್ಟೆಯಲ್ಲಿ ಒರೆಸಬೇಕು. ಈ ಕೆಲಸ ಸ್ಯಾಂಡಿಂಗ್‌ಗಿಂತ ಮೊದಲೇ ಆಗಬೇಕು, ಇಲ್ಲದಿದ್ದರೆ ಪೇಪರ್ ಆ ವ್ಯಾಕ್ಸನ್ನು ಗೀರುಗಳೊಳಗೆ ತಳ್ಳುತ್ತದೆ, ಆಮೇಲೆ ಪೇಂಟ್ ಅಲ್ಲಲ್ಲಿ ಮೀನಿನ ಕಣ್ಣಿನ ಆಕಾರದಲ್ಲಿ ಬಿಟ್ಟುಕೊಳ್ಳುತ್ತದೆ. ಮೇಲೆ ನೀರು ಸುರಿದಾಗ ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಿದರೆ ಮೈ ಶುದ್ಧವಾಗಿದೆ ಅಂತ. ಆಮೇಲೆ ಎಪಾಕ್ಸಿ ಪ್ರೈಮರ್, ಅದನ್ನು 320 ನಂಬರ್ ಪೇಪರ್‌ನಲ್ಲಿ ಉಜ್ಜಿ, ತೆಳುವಾಗಿ ಎರಡು ಮೂರು ಕೋಟ್ ಪೇಂಟ್.

ಒಬ್ಬರು ರೋಲರ್ ಓಡಿಸಿ, ಹಿಂದೆಯೇ ಇನ್ನೊಬ್ಬರು ಒಳ್ಳೇ ಬ್ರಷ್‌ನ ತುದಿಯಿಂದ ಹಗುರವಾಗಿ ಎಳೆದುಕೊಂಡು ಹೋದರೆ ದೂರದಿಂದ ಸ್ಪ್ರೇ ಮಾಡಿದ ಹಾಗೇ ಕಾಣುತ್ತದೆ. ಸ್ಪ್ರೇ ಮಾತ್ರ ನೀವೇ ಮಾಡಬೇಡಿ. ಗಟ್ಟಿ ಮಾಡುವ ಡಬ್ಬದಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದರ ಮಂಜು ಉಸಿರಿನಲ್ಲಿ ಹೋದರೆ ಜೀವನಪೂರ್ತಿ ಆಸ್ತಮಾ ಬರಬಹುದು. ಅದಕ್ಕೆ ಹೊರಗಿನಿಂದ ಗಾಳಿ ಪೂರೈಸುವ ಮುಖವಾಡವೇ ಬೇಕು. ರೋಲರ್‌ಗೂ ಗ್ಲೌಸ್, ಆರ್ಗ್ಯಾನಿಕ್ ವೇಪರ್ ಮಾಸ್ಕ್ ಬಿಡಬೇಡಿ.

ಗಾಳಿದಿಕ್ಕು

ಬಿರುಕಿನ ಬಗ್ಗೆ ಯಾರೂ ಹೇಳಲಿಲ್ಲ. ಪೇಂಟ್ ಅದನ್ನು ಮುಚ್ಚುವುದಿಲ್ಲ. ಒಂದೆರಡು ಸೀಸನ್‌ನಲ್ಲಿ ಅದೇ ನಕ್ಷತ್ರ ಹೊಸ ಪೇಂಟಿನ ಮೇಲೆ ಮತ್ತೆ ಮೂಡುತ್ತದೆ. ಮೊದಲು ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಆ ಜಾಗ ತಟ್ಟಿ ನೋಡಿ, ಸುತ್ತಲಿನ ಸದ್ದಿಗಿಂತ ಮಂದವಾಗಿ ಕೇಳಿದರೆ ಒಳಗಿನ ಪದರ ಬಿಟ್ಟಿರಬಹುದು. ಹಾಗಿದ್ದರೆ ಅದು ಬಣ್ಣದ ವಿಷಯವೇ ಅಲ್ಲ, ಲ್ಯಾಮಿನೇಟ್ (ಒಳಗಿನ ಫೈಬರ್ ಪದರಗಳ) ರಿಪೇರಿ. ಸದ್ದು ಸರಿ ಇದ್ದರೆ ಪ್ರತಿ ಬಿರುಕನ್ನೂ ವಿ ಆಕಾರದಲ್ಲಿ ಅಗಲ ಮಾಡಿ ತುಂಬಿ. ಪೇಂಟ್ ಹೊಡೆಯುವುದಾದರೆ ಎಪಾಕ್ಸಿ, ಜೆಲ್‌ಕೋಟ್ ಉಳಿಸುವುದಾದರೆ ಜೆಲ್‌ಕೋಟ್. ಎಪಾಕ್ಸಿ ಮೇಲೆ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದನ್ನು ನಂಬಬೇಡಿ.

ನೀಲಿಹಾಯಿ

ಪರೀಕ್ಷೆ ಮಾಡಿದೆ. ನೆರಳಿನ ಬದಿ ಕಾಂಪೌಂಡ್‌ಗೇ ಎದ್ದು ಬಂತು, ಎಂಥಾ ನೀಲಿ! ಬಿಸಿಲಿನ ಬದಿಗೆ 800 ಬೇಕಾಯಿತು. ಹಿಂಬದಿಯ ಮೂಲೆಯಲ್ಲಿ ಅಂಗೈ ಅಗಲ ಫೈಬರ್ ಚೌಕಳಿ ಕಾಣುತ್ತಿದೆ, ಅದು ನಾನು ಮುಟ್ಟುವ ಮೊದಲೇ ತೆಳುವಾಗಿತ್ತು. ಬಿರುಕಿನ ಜಾಗ ತಟ್ಟಿದರೆ ಸದ್ದು ಗಟ್ಟಿಯಾಗಿಯೇ ಇದೆ. ಒಂದು ಬದಿ ಮಾತ್ರ ಪೇಂಟ್ ಮಾಡಬಹುದಾ?

ದಡದಮೇಲೆ

ಬೇಡ. ಎರಡು ಬದಿಗೂ ಎರಡು ಥರ ಆರೈಕೆ ಆಗುತ್ತದೆ, ಬಣ್ಣವೂ ಬೇರೆಬೇರೆಯಾಗಿ ಮಾಸುತ್ತದೆ. ಇಷ್ಟು ತೆಳುವಾಗಿದ್ದರೆ ಪೇಂಟೇ ಸರಿ, ನಾನೂ ಒಪ್ಪುತ್ತೇನೆ. ಅದೇ ನೀಲಿ ಬೇಕಾದರೆ ಹೊಡೆಯಿರಿ, ಆದರೆ ಕಡುಬಣ್ಣದ ಹೊಳಪಿನಲ್ಲಿ ಮೈಯ ಸಣ್ಣ ತಗ್ಗುದಿಣ್ಣೆಯೂ ಕಾಣುತ್ತದೆ. ಪ್ರೈಮರ್ ಆದ ಮೇಲೆ ಸಂಜೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ, ತಗ್ಗುಗಳನ್ನು ಆಗಲೇ ತುಂಬಿ.

ಎರಡುಡಬ್ಬ

ಇನ್ನೆರಡು ಮಾತು. ಹಳದಿ ಕಲೆ ಪೂರ್ತಿ ತೊಳೆಯುವ ಮೊದಲು ಅದರ ಮೇಲಂಚಿಗೆ ಗುರುತು ಹಾಕಿಕೊಳ್ಳಿ. ಸಾಮಾನು ತುಂಬಿದಾಗ ದೋಣಿ ಕೂರುವ ಮಟ್ಟ ಅದೇ. ಈ ಪೇಂಟ್ ಸದಾ ನೀರಿನಲ್ಲಿ ಮುಳುಗಿರುವ ಜಾಗಕ್ಕಲ್ಲ, ಆ ಗುರುತಿಗಿಂತ ಸ್ವಲ್ಪ ಮೇಲಿನವರೆಗೂ ಆಂಟಿಫೌಲಿಂಗ್ (ಪಾಚಿ, ಚಿಪ್ಪು ಅಂಟದಂತೆ ತಡೆಯುವ ಪೇಂಟ್) ಬರಬೇಕು. ಇನ್ನೊಂದು, ಕೊಳ್ಳುವ ಮೊದಲು ಮುಂದೆ ಬಫ್ ಮಾಡಬಹುದಾ ಅಂತ ಕೇಳಿ. ಆವ್ಲ್‌ಗ್ರಿಪ್ ಥರದ ಪೇಂಟನ್ನು ಕಾಂಪೌಂಡ್ ಹಾಕಿ ಉಜ್ಜಬಾರದು, ಹೊಳಪು ಕೊಡುವ ಮೇಲ್ಪದರವೇ ಹೋಗುತ್ತದೆ. ಆವ್ಲ್‌ಕ್ರಾಫ್ಟ್ 2000 ಆದರೆ ಉಜ್ಜಿ ಪಾಲಿಶ್ ಮಾಡಬಹುದು. ಕಟ್ಟೆಗೆ ಆಗಾಗ ತಾಗುವ ದೋಣಿಯಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ, ಆದರೆ ಅದು ಸ್ಪ್ರೇಗೆ ಮಾತ್ರ, ಹಾಗಾಗಿ ಗೊತ್ತಿರುವವರಿಂದಲೇ ಹೊಡೆಸಬೇಕು.