ಅಪ್‌ಡೇಟ್: ಐನ್‌ಮನೆಯ ಹಳೆಯ ಫೋಟೋಗಳು

ಮಳೆಗಾಲದ ತೇವಕ್ಕೆ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದ ನಮ್ಮ ಐನ್‌ಮನೆಯ (ಕೊಡವ ಮನೆತನದ ಮೂಲ ಮನೆಯ) ಫೋಟೋಗಳನ್ನು ಉಳಿಸಿ, ಅವುಗಳಲ್ಲಿರುವವರನ್ನು ಗುರುತಿಸುವುದು ಹೇಗೆಂದು ಕೇಳಿದ್ದೆ. ನಿಮ್ಮ ಸಲಹೆಯಂತೆ ಕಿತ್ತು ಬಿಡಿಸಲು ಹೋಗದೆ, ಗಾಜಿನ ಸಮೇತವೇ ಬೆಳಕು ಪ್ರತಿಫಲಿಸದಂತೆ ಇರಿಸಿ ಮೊಬೈಲಿನಲ್ಲಿ ಚಿತ್ರ ತೆಗೆದೆ. ನಾನು ಆತುರಪಟ್ಟು ಮೊದಲೇ ಎಳೆದಿದ್ದ ಒಂದು ಫೋಟೋದಲ್ಲಿ ಮಾತ್ರ ಮುಖವೇ ಅಳಿಸಿಹೋಗಿದೆ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಎಲ್ಲರೂ ಸೇರಿದ್ದಾಗ, ಕೋವಿಗಳ ಪೂಜೆ ಮುಗಿದು ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ಆ ಫೋಟೋಗಳನ್ನು ಚಿಕ್ಕಜ್ಜಿಯ ಮುಂದಿಟ್ಟೆ. ನಾವು ಅಜ್ಜನ ಮದುವೆಯದೆಂದೇ ನಂಬಿದ್ದ ಚಿತ್ರವನ್ನು ನೋಡಿ ಅವರು ನಕ್ಕು, “ಮದುಮಗನಿಗೆ ಬಿಳಿ ಕುಪ್ಯ (ಕೊಡವ ಗಂಡಸರ ನಿಲುವಂಗಿ) ಅಲ್ಲವೇನೋ? ನಿನ್ನಜ್ಜ ತೊಟ್ಟಿರುವುದು ಕಪ್ಪು. ಮದುವೆ ಅವರಣ್ಣನದು” ಎಂದರು. ಇದು ನಮಗ್ಯಾರಿಗೂ ಹೊಳೆಯದಿದ್ದುದು ನಾಚಿಕೆಯ ಸಂಗತಿಯೇ ಸರಿ.

ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. ಇನ್ನೂ ಮೂವರ ಗುರುತು ಸಿಕ್ಕಿಲ್ಲ. ಸುಗ್ಗಿಯ ಹಬ್ಬ ಹುತ್ತರಿಗೆ ಬರುವ ಸೋದರತ್ತೆಗೆ ತೋರಿಸಬೇಕು.