ಸಹಾಯ ಬೇಕು: ಪಿಜ್ಜಾ ಅಂಗಡಿಯಲ್ಲಿ ಕೈಕಸುಬಿನವರ ಸಂಜೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಪಿಜ್ಜಾ ಅಂಗಡಿ ಇದೆ. ವಾರದ ನಡುವೆ ಸಂಜೆ ಹೊತ್ತು ಅರ್ಧ ಟೇಬಲ್ ಖಾಲಿ. ಸುಮ್ನೆ ಆಫರ್ ಬೋರ್ಡ್ ಹಾಕುವ ಬದಲು, ತಿಂಗಳಿಗೊಂದು ಬುಧವಾರ ಸುತ್ತಮುತ್ತಲಿನ ಕೈಕಸುಬಿನವರನ್ನು ಕರೆಸೋಣ ಅಂತ ಯೋಚನೆ.

ಮೊದಲ ಸಂಜೆಗೆ ಚನ್ನಪಟ್ಟಣದ ಬೊಂಬೆ ಮಾಡುವವರು ಬೇಕು. ಬರೀ ಮಾರಾಟ ಅಲ್ಲ, ಕೆಲಸವೂ ಎದುರಿಗೇ ನಡೆಯಬೇಕು. ಲೇತ್ ಅನ್ನುವ ಕಡೆಯುವ ಯಂತ್ರದಲ್ಲಿ ಗಿರಗಿರ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದಲ್ಲ, ಅದನ್ನು ಮಕ್ಕಳು ನೋಡಬೇಕು. ಆದರೆ ಮರದ ಪುಡಿ ಹಾರುತ್ತದೆ, ಪಕ್ಕದಲ್ಲೇ ಜನ ತಿನ್ನುತ್ತಿರುತ್ತಾರೆ. ಊರಲ್ಲೇ ಕಡೆದು ತಂದು ಇಲ್ಲಿ ಬಣ್ಣ ಮಾತ್ರ ಹಾಕಬಹುದಾ? ಅದಕ್ಕೂ ಲೇತ್ ಬೇಕೇ ಬೇಕು ಅಲ್ವಾ, ಸಣ್ಣದನ್ನು ಹೊತ್ತು ತರಲು ಆಗುತ್ತದಾ?

ಸ್ಟಾಲ್ ಬಾಡಿಗೆ, ಕಮಿಷನ್ ಎರಡೂ ಬೇಡ. ದಿನದ ಸಂಭಾವನೆ, ಓಡಾಟದ ಖರ್ಚು, ಊಟ ನಮ್ಮದು. ಪ್ರಚಾರ ಸಿಗುತ್ತದೆ ಬನ್ನಿ ಅಂತ ಬಿಟ್ಟಿ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಒಂದು ಸಂಜೆಗೆ ಎಷ್ಟು ಕೊಟ್ಟರೆ ನ್ಯಾಯ? ಇಂಥ ಕಾರ್ಯಕ್ರಮ ಮಾಡಿದವರು ದಯವಿಟ್ಟು ಹೇಳಿ.

ಮುಂದಿನ ಸಲಕ್ಕೆ ಗಂಜೀಫಾ ಎಲೆ (ಇಸ್ಪೀಟಿನಂಥ ಹಳೇ ಕಾಲದ ಆಟದ ಎಲೆ) ಮೇಲೆ ಕೈಯಲ್ಲಿ ಚಿತ್ರ ಬರೆಯುವವರನ್ನೂ ಹುಡುಕುತ್ತಿದ್ದೇನೆ. ಪರಿಚಯದವರಿದ್ದರೆ, ಮೊದಲು ಅವರನ್ನೇ ಒಂದು ಮಾತು ಕೇಳಿ, ಆಮೇಲೆ ನಂಬರ್ ನನಗೆ ಇನ್‌ಬಾಕ್ಸ್ ಮಾಡಿ.